ತೆಳು ಲ್ಯಾಪ್‌ಟಾಪ್‌ನ ತಳ ಬಿಚ್ಚಿದರೆ ಕೈಗೆ ಸಿಗುವುದೆಷ್ಟು?

ಹದಿನೈದು ವರ್ಷದ ಹಿಂದಿನ ಒಂದು ಲ್ಯಾಪ್‌ಟಾಪನ್ನು ಬೋರಲು ಹಾಕಿದರೆ ತಳದಲ್ಲಿ ಮೂರು ನಾಲ್ಕು ಕಿಟಕಿಗಳು ಕಾಣುತ್ತಿದ್ದವು. ಒಂದರೊಳಗೆ ರ್ಯಾಮ್, ಇನ್ನೊಂದರೊಳಗೆ ಹಾರ್ಡ್ ಡಿಸ್ಕ್. ಚಿಲಕ ಸರಿಸಿದರೆ ಬ್ಯಾಟರಿ ತಾನಾಗಿ ಕೈಗೆ ಬರುತ್ತಿತ್ತು. ಈಗಿನ ತೆಳು ಲ್ಯಾಪ್‌ಟಾಪ್‌ನ ತಳ ನುಣ್ಣಗಿನ ಒಂದೇ ತಗಡು. ಅಂಚಿನಲ್ಲಿ ಎಂಟು ಹತ್ತು ಪುಟಾಣಿ ಸ್ಕ್ರೂಗಳಿರುತ್ತವೆ, ಅವುಗಳಲ್ಲಿ ಒಂದೆರಡು ರಬ್ಬರ್ ಪಾದಗಳ ಅಡಿಯಲ್ಲಿ ಅಡಗಿರುತ್ತವೆ. ನೋಡಿದವರಿಗೆ ‘ಇದು ನನ್ನ ಕೈಗೆ ಹೇಳಿಮಾಡಿಸಿದ್ದಲ್ಲ’ ಅನ್ನಿಸಬೇಕು, ಹಾಗಿದೆ ಅದರ ರೂಪ. ನಿಜ ಹೇಳಬೇಕೆಂದರೆ ತಗಡು ತೆಗೆಯುವುದು ಅಷ್ಟೇನೂ ಕಷ್ಟವಲ್ಲ. ತೆಗೆದ ಮೇಲೆ ಒಳಗೆ ಬದಲಿಸಲು ಏನು ಉಳಿದಿದೆ, ಉಳಿಯದ್ದು ಯಾಕೆ ಉಳಿದಿಲ್ಲ ಅನ್ನುವುದೇ ಯೋಚಿಸಬೇಕಾದ ಸಂಗತಿ.

ಈ ಪ್ರಶ್ನೆ ಈಗ ತುಸು ಜೋರಾಗಿ ಕೇಳಿಸಲು ಕಾರಣಗಳಿವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಯಂತ್ರಗಳ ಮುಂದೆ ‘ಹೊಸದೋ, ರಿಪೇರಿಯೋ’ ಎಂಬ ಲೆಕ್ಕ ಬಂತು. ಅದೇ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ ರ್ಯಾಮ್ ಬೆಲೆ ಜಿಗಿಯಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ, ಸಾಮಾನ್ಯ ಗ್ರಾಹಕರಿಗೆ ರ್ಯಾಮ್ ಮತ್ತು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ನ ಜಾಗಕ್ಕೆ ಬಂದ, ಚಿಪ್‌ಗಳಲ್ಲಿ ಡೇಟಾ ಇಡುವ ಭಾಗ) ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯವಹಾರವನ್ನೇ ಮುಚ್ಚುತ್ತೇನೆಂದಿತು. ‘ಈಗ 8 ಜಿಬಿ ಸಾಕು, ಆಮೇಲೆ ಹಾಕಿಸಿದರಾಯಿತು’ ಅನ್ನುವ ಹಳೆಯ ಧೈರ್ಯ ಎರಡು ಕಡೆಯಿಂದ ಸಡಿಲವಾಯಿತು: ಹಾಕಲು ಜಾಗವಿಲ್ಲ, ಜಾಗವಿದ್ದರೂ ರ್ಯಾಮ್ ಅಗ್ಗವಿಲ್ಲ.

ಎಲ್ಲರಿಗಿಂತ ಹೆಚ್ಚು ಬೈಗುಳ ತಿನ್ನುವುದು ರ್ಯಾಮ್ ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯೊಳಗಿಂದ ಎಳೆದು ತೋರಿಸಿದ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲಿ 2 ಜಿಬಿ ರ್ಯಾಮನ್ನು ಮದರ್‌ಬೋರ್ಡ್‌ಗೇ ಬೆಸೆಯಲಾಗಿತ್ತು. ಅಂದು ಅದು ತೆಳುತನಕ್ಕೆ ತೆತ್ತ ಬೆಲೆ, ಅಷ್ಟೇ. ಎಸ್‌ಒ-ಡಿಮ್ ಎಂಬ ಪುಟ್ಟ ರ್ಯಾಮ್ ಪಟ್ಟಿ, ಅದನ್ನು ಓರೆಯಾಗಿ ತೂರಿಸಿ ಒತ್ತಿ ಕೂರಿಸುವ ಸ್ಲಾಟು, ಎರಡೂ ಸೇರಿದರೆ ಕೆಲವು ಮಿಲಿಮೀಟರ್ ದಪ್ಪ. ಅಷ್ಟು ದಪ್ಪವನ್ನು ಉಳಿಸಿದ್ದರು. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊ ಬಂದಾಗ ಅದರ ರ್ಯಾಮ್ ಬೆಸೆದದ್ದು, ಬ್ಯಾಟರಿ ಅಂಟಿಸಿದ್ದು. ಸಾಧನಗಳನ್ನು ಬಿಚ್ಚಿ ರಿಪೇರಿ ಕಲಿಸುವ ಐಫಿಕ್ಸಿಟ್ ಸಂಸ್ಥೆ ಅದರ ರಿಪೇರಿಯ ಸುಲಭತೆಗೆ ಹತ್ತರಲ್ಲಿ ಒಂದು ಅಂಕ ಕೊಟ್ಟಿತು. ಉಳಿದ ಕಂಪನಿಗಳೂ ಬೇಗ ಅದೇ ದಾರಿ ಹಿಡಿದವು.

ಆದರೆ ಈಗ ರ್ಯಾಮ್ ಬೆಸೆಯುವುದಕ್ಕೆ ದಪ್ಪಕ್ಕಿಂತ ದೊಡ್ಡ ಕಾರಣವಿದೆ, ಅದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಮೊಬೈಲ್‌ಗಳಿಗಾಗಿ ಹುಟ್ಟಿದ ಎಲ್‌ಪಿಡಿಡಿಆರ್ ಬಗೆಯ ಮೆಮೊರಿ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ವೇಗವಾಗಿ ಓಡುತ್ತದೆ. ಮಾಮೂಲಿ ಡಿಡಿಆರ್5 ರ್ಯಾಮ್ 1.1 ವೋಲ್ಟ್‌ನಲ್ಲಿ ಕೆಲಸ ಮಾಡಿದರೆ, ಎಲ್‌ಪಿಡಿಡಿಆರ್5ರಲ್ಲಿ ಡೇಟಾ ಹೊತ್ತೊಯ್ಯುವ ತಂತಿಗಳ ಮೇಲಿನ ವೋಲ್ಟೇಜು ಅರ್ಧ ವೋಲ್ಟ್ ಮಾತ್ರ. ಅಷ್ಟು ಕ್ಷೀಣವಾದ ಸಂಕೇತ ಸೆಕೆಂಡಿಗೆ ನೂರಾರು ಕೋಟಿ ಸಲ ಏರಿಳಿಯುವಾಗ, ಪ್ರೊಸೆಸರ್‌ನಿಂದ ಚಿಪ್‌ಗೆ ಇರುವ ದೂರ, ನಡುವಿನ ಕನೆಕ್ಟರಿನ 262 ಪಿನ್ನುಗಳು, ಒಂದೊಂದು ತಿರುವು, ಎಲ್ಲವೂ ಅದನ್ನು ಕದಡುತ್ತವೆ. ಹಾಗಾಗಿ ಸ್ಲಾಟಿನ ರ್ಯಾಮ್ ಸಾಮಾನ್ಯವಾಗಿ 5600 ವೇಗದ (ಅಂದರೆ ಸೆಕೆಂಡಿಗೆ ಅಷ್ಟು ದಶಲಕ್ಷ ಸಲ ಡೇಟಾ ಸಾಗಿಸುವ ವೇಗ) ಆಸುಪಾಸಿನಲ್ಲಿ ನಿಂತಿದ್ದಾಗ ಬೆಸೆದ ರ್ಯಾಮ್ 8533 ದಾಟಿತ್ತು. ಆಪಲ್ 2020ರ ಎಂ1ರಿಂದ, ಇಂಟೆಲ್ 2024ರ ಲೂನಾರ್ ಲೇಕ್‌ನಲ್ಲಿ, ರ್ಯಾಮನ್ನು ಮದರ್‌ಬೋರ್ಡ್‌ನಿಂದಲೂ ಎತ್ತಿ ಪ್ರೊಸೆಸರಿನ ಪಕ್ಕದಲ್ಲೇ, ಒಂದೇ ಹಲಗೆಯ ಮೇಲೆ ಕೂರಿಸಿದವು. ರಿಪೇರಿಯನ್ನೇ ಕಸುಬು ಮಾಡಿಕೊಂಡ ಫ್ರೇಮ್‌ವರ್ಕ್ ಕಂಪನಿ ಕೂಡ 2025ರಲ್ಲಿ ಎಎಂಡಿಯ ರೈಜ಼ನ್ ಎಐ ಮ್ಯಾಕ್ಸ್ ಚಿಪ್ ಹಾಕಿ ಡೆಸ್ಕ್‌ಟಾಪ್ ಮಾಡಿದಾಗ ರ್ಯಾಮ್ ಬೆಸೆಯಲೇಬೇಕಾಯಿತು. ಡೆಸ್ಕ್‌ಟಾಪ್‌ನಲ್ಲಿ ಜಾಗಕ್ಕೇನೂ ಬರವಿರಲಿಲ್ಲ, ಸಂಕೇತದ ಶುದ್ಧಿಯೇ ಅಡ್ಡ ಬಂದದ್ದು.

ಇದಕ್ಕೊಂದು ಮದ್ದು ಬಂದಿದೆ, ನಿಧಾನವಾಗಿ ಹರಡುತ್ತಿದೆ. ಡೆಲ್ 2022ರಲ್ಲಿ ತನ್ನ ಪ್ರಿಸಿಷನ್ ಲ್ಯಾಪ್‌ಟಾಪ್‌ಗಳಲ್ಲಿ ತಂದ ಕ್ಯಾಮ್ ಎಂಬ ವಿನ್ಯಾಸದಲ್ಲಿ ರ್ಯಾಮ್ ಪಟ್ಟಿಯನ್ನು ತೂರಿಸುವುದಿಲ್ಲ, ಚಪ್ಪಟೆಯಾಗಿ ಮಲಗಿಸಿ ಸ್ಕ್ರೂ ಬಿಗಿದು ಕೆಳಗಿನ ಸಂಪರ್ಕಗಳಿಗೆ ಒತ್ತಿ ಹಿಡಿಯುತ್ತಾರೆ. ಸಂಕೇತದ ದಾರಿ ಗಿಡ್ಡ, ದಪ್ಪವೂ ಕಡಿಮೆ. ಜೆಡೆಕ್ ಎಂಬ ಮಾನಕ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಇದನ್ನು ಕ್ಯಾಮ್2 ಹೆಸರಿನಲ್ಲಿ ಎಲ್ಲರ ಸ್ವತ್ತಾಗಿಸಿತು. 2024ರ ಥಿಂಕ್‌ಪ್ಯಾಡ್ ಪಿ1 ಏಳನೇ ಪೀಳಿಗೆಯಲ್ಲಿ ಇದರ ಎಲ್‌ಪಿಡಿಡಿಆರ್5ಎಕ್ಸ್ ರೂಪ 7500 ವೇಗದಲ್ಲಿ ಓಡಿತು. ಅಂದರೆ ‘ಕಡಿಮೆ ವಿದ್ಯುತ್ತಿನ ರ್ಯಾಮ್ ಬೇಕಿದ್ದರೆ ಬೆಸೆಯಲೇಬೇಕು’ ಅನ್ನುವ ಮಾತು ಈಗ ಅರ್ಧ ಸತ್ಯ. ಅತ್ಯಂತ ವೇಗದ ಚಿಪ್‌ಗಳಿಗೆ ಅದು ನಿಜ. ಮಿಕ್ಕ ಬಹುಪಾಲು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದು ಖರ್ಚಿನ ಲೆಕ್ಕ. ಜೊತೆಗೆ ಹೆಚ್ಚು ರ್ಯಾಮಿನ ಮಾದರಿಯನ್ನು ಮೊದಲ ದಿನವೇ ಮಾರಿಬಿಡುವ ಲಾಭವೂ ಸೇರಿಕೊಳ್ಳುತ್ತದೆ.

ನಿಮ್ಮದು ಯಾವ ಬಗೆ ಎಂದು ತಿಳಿಯಲು ತಗಡು ಬಿಚ್ಚಬೇಕಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ ಪುಟಕ್ಕೆ ಹೋದರೆ ‘ಫಾರ್ಮ್ ಫ್ಯಾಕ್ಟರ್’ ಎಂಬ ಸಾಲಿದೆ. ಅಲ್ಲಿ ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೆಸೆದದ್ದು, ಆಸೆ ಬಿಡಿ. ‘ಎಸ್‌ಒ-ಡಿಮ್’ ಎಂದಿದ್ದರೆ ಸ್ಲಾಟು ಇದೆ. ಕೆಲವು ಮಾದರಿಗಳಲ್ಲಿ ಒಂದು ಪಾಲು ಬೆಸೆದು ಇನ್ನೊಂದಕ್ಕೆ ಸ್ಲಾಟು ಬಿಟ್ಟಿರುತ್ತಾರೆ. ಅಲ್ಲಿ ಬೆಸೆದ 8 ಜಿಬಿಗೆ 16ರ ಪಟ್ಟಿ ಸೇರಿಸಿದರೆ ಒಟ್ಟು 24 ಸಿಗುತ್ತದೆ. ಸಾಮಾನ್ಯವಾಗಿ 16 ಜಿಬಿಯಷ್ಟು ಜೋಡಿ ದಾರಿಯಲ್ಲಿ (ಡ್ಯುಯಲ್ ಚಾನೆಲ್) ವೇಗವಾಗಿ ಓಡಿ, ಮಿಕ್ಕ 8 ಒಂಟಿ ದಾರಿಯಲ್ಲಿ ಓಡುತ್ತದೆ. ದಿನಬಳಕೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಸುಮ್ಮನೆ ತಲೆ ಕೆಡಿಸಿಕೊಳ್ಳುವವರೇ ಹೆಚ್ಚು.

ಎಸ್‌ಎಸ್‌ಡಿಯ ವಿಷಯಕ್ಕೆ ಬಂದರೆ ಬೆಸೆಯುವುದಕ್ಕೆ ಇಂಥ ನೆಪವೂ ಸಿಗುವುದಿಲ್ಲ. ಈಗಿನ ಎಸ್‌ಎಸ್‌ಡಿಗಳ ಮಾಮೂಲಿ ರೂಪವಾದ ಎಂ.2 ಪಟ್ಟಿ ಮೊದಲೇ ತೆಳು. 22 ಮಿಲಿಮೀಟರ್ ಅಗಲ, 80 ಉದ್ದದ್ದಕ್ಕೆ 2280 ಎಂದೂ, 30 ಉದ್ದದ್ದಕ್ಕೆ 2230 ಎಂದೂ ಹೆಸರು. ಪ್ರೊಸೆಸರಿನೊಂದಿಗೆ ಅದು ಮಾತಾಡುವ ದಾರಿ ಕನೆಕ್ಟರನ್ನು ಚೆನ್ನಾಗಿಯೇ ಸಹಿಸಿಕೊಳ್ಳುತ್ತದೆ. ಬರೆದು ಬರೆದು ಸವೆಯುವ ಭಾಗವೂ ಅದೇ. ಸವೆಯುವುದನ್ನು ಬೆಸೆಯುವುದು ಚಪ್ಪಲಿಯನ್ನು ಕಾಲಿಗೆ ಹೊಲಿದ ಹಾಗೆ. 2016ರ ಟಚ್ ಬಾರ್ ಮ್ಯಾಕ್‌ಬುಕ್ ಪ್ರೊದಿಂದ ಆಪಲ್ ಇದನ್ನು ರೂಢಿ ಮಾಡಿತು. ಅಲ್ಲಿ ಬೋರ್ಡು ಸತ್ತರೆ ಡೇಟಾ ಕೂಡ ಅದರ ಹಿಂದೆಯೇ ಹೋಗುತ್ತದೆ. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಇನ್ನೂ ಎಂ.2 ಸ್ಲಾಟು ಉಳಿದಿರುವುದು ದೊಡ್ಡ ಸಮಾಧಾನ.

ಎಸ್‌ಎಸ್‌ಡಿ ಬದಲಿಸುವ ಕೆಲಸ ಸುಲಭ, ಆದರೆ ಮೂರು ಕಡೆ ಜನ ಎಡವುತ್ತಾರೆ. ಉದ್ದ ಸರಿಯಿದೆಯೇ ಎಂದು ನೋಡುತ್ತಾರೆ, ದಪ್ಪ ನೋಡುವುದಿಲ್ಲ. ಕೆಲವು ಪಟ್ಟಿಗಳಲ್ಲಿ ಚಿಪ್‌ಗಳು ಎರಡೂ ಮಗ್ಗುಲಲ್ಲಿರುತ್ತವೆ, ತೆಳು ಲ್ಯಾಪ್‌ಟಾಪ್‌ನಲ್ಲಿ ಅವು ಕೆಳಗಿನ ಬೋರ್ಡಿಗೆ ತಾಗಿ ಪಟ್ಟಿ ಬಾಗಿ ಕೂರುತ್ತದೆ. ಒಂದೇ ಮಗ್ಗುಲಿನದನ್ನು ಕೇಳಿ ತರಬೇಕು. ಡೆಸ್ಕ್‌ಟಾಪ್‌ಗೆಂದು ಮೇಲೆ ಅಲ್ಯೂಮಿನಿಯಮ್ ಹೀಟ್‌ಸಿಂಕ್ ಅಂಟಿಸಿದ್ದಂತೂ ಬೇಡವೇ ಬೇಡ. ಎರಡನೆಯದು, ಎಂ.2 ಆಕಾರ ಒಂದೇ ಆದರೂ ಹಳೆಯ ಯಂತ್ರಗಳ ಕೆಲವು ಸ್ಲಾಟುಗಳು ಸಾಟಾ ಎಂಬ ಹಳೆಯ, ನಿಧಾನದ ಬಗೆಯದನ್ನು ಮಾತ್ರ ಗುರುತಿಸುತ್ತವೆ, ಎನ್‌ವಿಎಂಇ ಎಂಬ ಹೊಸ, ವೇಗದ ಬಗೆಯದನ್ನು ಹಾಕಿದರೆ ಕಣ್ಣೆತ್ತಿಯೂ ನೋಡುವುದಿಲ್ಲ. ಮೂರನೆಯದು ಬೀಗ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗಿರುವುದೇ ಹೆಚ್ಚು. ವಿಂಡೋಸ್‌ನ ಈ ಬೀಗವಾದ ಬಿಟ್‌ಲಾಕರ್‌ನ 48 ಅಂಕಿಗಳ ಕೀಲಿ ಎಲ್ಲಿದೆ ಎಂದು ಹುಡುಕಿ ಬರೆದಿಟ್ಟುಕೊಳ್ಳದೆ ಸ್ಕ್ರೂಡ್ರೈವರ್ ಹಿಡಿಯಬೇಡಿ. ಹಳೆಯ ಪಟ್ಟಿಯನ್ನು ಯುಎಸ್‌ಬಿ ಡಬ್ಬಿಗೆ ಹಾಕಿ ಫೈಲು ತೆಗೆಯಲು ಹೋದಾಗ ಅದು ಕೇಳುವ ಮೊದಲ ಪ್ರಶ್ನೆ ಅದೇ.

ಇನ್ನು ಬ್ಯಾಟರಿ. ತಗಡು ತೆಗೆದ ಕೂಡಲೇ ಕಣ್ಣಿಗೆ ಬೀಳುವ, ಒಳಗಿನ ಅರ್ಧದಷ್ಟು ಜಾಗವನ್ನು ಆವರಿಸಿಕೊಂಡ ಕಪ್ಪು ಚೀಲಗಳೇ ಬ್ಯಾಟರಿ. ಗಟ್ಟಿ ಕವಚವಿಲ್ಲದ ಲಿಥಿಯಂ ಪಾಲಿಮರ್ ಕೋಶಗಳವು. ಯಾವಾಗಲೂ ಚಾರ್ಜರಿಗೆ ಸಿಕ್ಕಿಸಿ, ಬಿಸಿಯಲ್ಲಿ, ನೂರಕ್ಕೆ ನೂರು ತುಂಬಿಸಿ ಇಟ್ಟರೆ ಒಳಗಿನ ದ್ರಾವಣ ಒಡೆದು ಅನಿಲವಾಗುತ್ತದೆ, ಚೀಲ ಉಬ್ಬುತ್ತದೆ. ಅದರ ಮೊದಲ ಸುಳಿವು ಸಿಗುವುದು ಬ್ಯಾಟರಿಯಲ್ಲಲ್ಲ, ಟಚ್‌ಪ್ಯಾಡ್‌ನಲ್ಲಿ. ಒತ್ತಿದರೆ ಕ್ಲಿಕ್ ಆಗುವುದಿಲ್ಲ, ಅಥವಾ ಒಂದು ಮೂಲೆ ಮೇಲೆದ್ದಿರುತ್ತದೆ. ಲ್ಯಾಪ್‌ಟಾಪ್ ಮೇಜಿನ ಮೇಲೆ ಡುಗುಡುಗು ಅಲುಗುವುದು ಇನ್ನೊಂದು ಲಕ್ಷಣ. ಎಷ್ಟೋ ಮಂದಿ ಟಚ್‌ಪ್ಯಾಡ್ ಕೆಟ್ಟಿತೆಂದು ಮೌಸ್ ಕೊಂಡು ತಿಂಗಳುಗಟ್ಟಲೆ ಉಬ್ಬಿದ ಬ್ಯಾಟರಿಯ ಮೇಲೆ ಅಂಗೈ ಇಟ್ಟು ಟೈಪು ಮಾಡುತ್ತಾರೆ. ಉಬ್ಬಿದೆ ಎಂದು ಗೊತ್ತಾದ ಮೇಲೆ ಚಾರ್ಜು ಮಾಡಬಾರದು, ಒತ್ತಬಾರದು, ಮೊನಚಾದ ಏನನ್ನೂ ಹತ್ತಿರ ತರಬಾರದು. ಅಂಟಿಸಿದ ಬ್ಯಾಟರಿಯಾದರೆ ಆ ಹಂತದಲ್ಲಿ ಅದನ್ನು ಕೀಳುವುದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಉಬ್ಬದೆ ಸುಮ್ಮನೆ ಸವೆದ ಬ್ಯಾಟರಿಯಾದರೆ ಮಾತು ಬೇರೆ. ವಿಂಡೋಸ್‌ನಲ್ಲೇ ಬ್ಯಾಟರಿ ವರದಿ ತೆಗೆಯಬಹುದು. ಅದು ಹುಟ್ಟಿದಾಗಿನ ಸಾಮರ್ಥ್ಯವನ್ನೂ ಈಗ ತುಂಬುವಷ್ಟನ್ನೂ ಅಕ್ಕಪಕ್ಕ ತೋರಿಸುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಗಳು ಹಲವು ನೂರು ಸಲ ಪೂರ್ತಿ ತುಂಬಿ ಬರಿದಾದ ಮೇಲೆ ಮೂಲ ಸಾಮರ್ಥ್ಯದ ಐದರಲ್ಲಿ ನಾಲ್ಕು ಪಾಲಿಗೆ ಇಳಿಯುವುದು ಸಹಜ. ಅರ್ಧಕ್ಕೆ ಇಳಿದಿದ್ದರೆ ಬದಲಿಸುವ ಹೊತ್ತು. ಮೊದಲ ಮ್ಯಾಕ್‌ಬುಕ್ ಏರ್‌ನಲ್ಲೂ ಬ್ಯಾಟರಿಯನ್ನು ಹಿಡಿದದ್ದು ಬರೀ ಸ್ಕ್ರೂಗಳು ಎಂಬುದನ್ನು ಇಲ್ಲಿ ನೆನೆಯಬೇಕು. ಅಂಟು ಆಮೇಲೆ ಬಂದದ್ದು. ನಾಲ್ಕಾರು ಸ್ಕ್ರೂ ಹಾಕಿ ಬ್ಯಾಟರಿ ನಿಲ್ಲಿಸಿದ ತೆಳು ಲ್ಯಾಪ್‌ಟಾಪ್‌ಗಳು ಇಂದೂ ಎಷ್ಟೋ ಇವೆ. ಹಾಗಾಗಿ ತೆಳುತನದ ಹೆಸರು ಹೇಳಿ ಅಂಟನ್ನು ಸಮರ್ಥಿಸಿದರೆ ನಾನಂತೂ ನಂಬುವುದಿಲ್ಲ.

ಐರೋಪ್ಯ ಒಕ್ಕೂಟವೂ ನಂಬಿದಂತಿಲ್ಲ. ಅದರ 2023ರ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು, ಕೆಲವು ವಿನಾಯಿತಿಗಳನ್ನು ಬಿಟ್ಟು. ಅಂಗಡಿಯಲ್ಲಿ ಸಿಗುವ ಮಾಮೂಲಿ ಉಪಕರಣ ಸಾಕಾಗಬೇಕು. ಶಾಖ ಕೊಟ್ಟು ಅಂಟು ಕರಗಿಸುವುದು, ದ್ರಾವಕ ಸುರಿಯುವುದು ಇವೆಲ್ಲ ಬೇಕಾಗಕೂಡದು. ಲ್ಯಾಪ್‌ಟಾಪ್ ತಯಾರಕರು ಒಂದೊಂದು ಖಂಡಕ್ಕೆ ಒಂದೊಂದು ಅಚ್ಚು ಮಾಡುವುದು ಅಪರೂಪವಾದ್ದರಿಂದ ಈ ನಿಯಮದ ಫಲ ಬೇರೆಡೆಯ ಗ್ರಾಹಕರಿಗೂ ದಕ್ಕಬಹುದು. ಫ್ರಾನ್ಸ್ 2021ರಿಂದಲೇ ಲ್ಯಾಪ್‌ಟಾಪ್‌ಗಳ ಮೇಲೆ ಹತ್ತಕ್ಕೆ ಇಷ್ಟು ಎಂದು ರಿಪೇರಿ ಅಂಕ ಹಚ್ಚುವುದನ್ನು ಕಡ್ಡಾಯ ಮಾಡಿತು. ಅಂಕಪಟ್ಟಿ ಕಣ್ಣೆದುರು ಇದ್ದಾಗ ಕಂಪನಿಗಳಿಗೂ ನಾಚಿಕೆ ಹುಟ್ಟುತ್ತದೆ. ಥಿಂಕ್‌ಪ್ಯಾಡ್ ಟಿ14ರ ಐದನೇ ಪೀಳಿಗೆಯನ್ನು ಲೆನೊವೊ 2024ರಲ್ಲಿ ಐಫಿಕ್ಸಿಟ್‌ನ ಸಲಹೆ ಪಡೆದು ರೂಪಿಸಿತು, ಅದರಲ್ಲಿ ರ್ಯಾಮ್‌ಗೆ ಎರಡು ಸ್ಲಾಟುಗಳು ಮರಳಿ ಬಂದವು.

ಬದಲಿಸುವ ಭಾಗಗಳ ಗದ್ದಲದಲ್ಲಿ ಯಾರೂ ಕೇಳದೆ ಉಳಿಯುವುದು ಧೂಳು. ನನ್ನ ಮಟ್ಟಿಗೆ ಹೇಳುವುದಾದರೆ, ತಳ ಬಿಚ್ಚಲು ಇರುವ ಅತ್ಯಂತ ಒಳ್ಳೆಯ ಕಾರಣ ಅದೇ. ತೆಳು ಲ್ಯಾಪ್‌ಟಾಪ್‌ನ ಫ್ಯಾನು ಗಾಳಿಯನ್ನು ಒಂದು ಕಿರು ಜಾಲರಿಯ ಮೂಲಕ ಹೊರಗೆ ತಳ್ಳುತ್ತದೆ. ಜಾಲರಿಯ ರೆಕ್ಕೆಗಳ ನಡುವಿನ ಸಂದು ಒಂದೆರಡು ಮಿಲಿಮೀಟರೂ ಇರುವುದಿಲ್ಲ. ಎರಡು ವರ್ಷದಲ್ಲಿ ಫ್ಯಾನಿಗೂ ಜಾಲರಿಗೂ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಪ್ರೊಸೆಸರ್ ಬಿಸಿಯಾಗಿ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ, ಬಳಸುವವರು ‘ಹಳೆಯದಾಯಿತು, ರ್ಯಾಮ್ ಸಾಲದು’ ಅನ್ನುತ್ತಾರೆ. ಹೊರಗಿನಿಂದ ಗಾಳಿ ಊದಿದರೆ ಈ ಕಂಬಳಿ ಹೊರಬರುವುದಿಲ್ಲ, ಒಳಕ್ಕೇ ಸರಿಯುತ್ತದೆ. ಫ್ಯಾನಿನ ಎರಡು ಮೂರು ಸ್ಕ್ರೂ ತೆಗೆದು, ಅದನ್ನೆತ್ತಿ, ಚಿಮುಟದಿಂದ ಎಳೆದರೆ ಇಡಿಯಾಗಿ ಬರುತ್ತದೆ. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಥರ್ಮಲ್ ಪೇಸ್ಟಿನ ಬಗ್ಗೆ ನನಗೆ ಅಷ್ಟು ಆತುರವಿಲ್ಲ. ಪ್ರೊಸೆಸರ್‌ಗೂ ತಾಮ್ರದ ಪಟ್ಟಿಗೂ ನಡುವಿನ ಆ ಲೇಪ ವರ್ಷಗಳಲ್ಲಿ ಒಣಗಿ, ಅಂಚಿಗೆ ಹರಿದುಹೋಗುವುದು ನಿಜ. ಆದರೆ ಧೂಳು ತೆಗೆದೂ ಬಿಸಿ ಇಳಿಯದಿದ್ದರೆ ಮಾತ್ರ ಅದರ ಗೊಡವೆ. ಬಿಸಿ ಹೀರುವ ಆ ತಾಮ್ರದ ಭಾಗದ, ಅಂದರೆ ಹೀಟ್‌ಸಿಂಕಿನ, ಸ್ಕ್ರೂಗಳ ಪಕ್ಕ 1, 2, 3, 4 ಎಂದು ಅಚ್ಚು ಹಾಕಿರುತ್ತಾರೆ, ಬಿಗಿಯುವ ಕ್ರಮ ಅದು. ಬಿಚ್ಚುವುದು ತಿರುಗುಮುರುಗು. ಕವಚವಿಲ್ಲದ ಬೋಳು ಪ್ರೊಸೆಸರ್ ಚಿಪ್‌ನ ಮೂಲೆ ಮುಕ್ಕಾಗಬಾರದೆಂದು ಈ ಎಚ್ಚರಿಕೆ. ಕೆಲವು ತಯಾರಕರು ಲೇಪದ ಜಾಗದಲ್ಲಿ ಲಿಕ್ವಿಡ್ ಮೆಟಲ್ ಹಾಕಿರುತ್ತಾರೆ. ಅದು ವಿದ್ಯುತ್ ಹರಿಸುವ ಲೋಹ, ಒಂದು ಹನಿ ಜಾರಿದರೂ ಬೋರ್ಡು ಹೋದಂತೆಯೇ. ಅಂಥದ್ದನ್ನು ಮುಟ್ಟದಿರುವುದೇ ಜಾಣತನ.

ಬಿಚ್ಚುವ ಕೆಲಸ ಶುರುವಾಗಬೇಕಾದದ್ದು ಸರ್ವಿಸ್ ಮ್ಯಾನ್ಯುಯಲ್‌ನಿಂದ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ತಮ್ಮ ಎಷ್ಟೋ ಮಾದರಿಗಳ ಮ್ಯಾನ್ಯುಯಲ್‌ಗಳನ್ನು ಎಲ್ಲರಿಗೂ ತೆರೆದಿಟ್ಟಿವೆ. ಯಾವ ಸ್ಕ್ರೂ ಎಷ್ಟು ಉದ್ದ ಎಂಬವರೆಗೆ ಅದರಲ್ಲಿರುತ್ತದೆ. ಉದ್ದದ ಮಾತು ಕ್ಷುಲ್ಲಕ ಅಂದುಕೊಂಡಿದ್ದೆ, ಒಮ್ಮೆ ಅನುಭವಿಸುವವರೆಗೆ. ಹಿಂಜಿನ ಬಳಿಯ ಉದ್ದ ಸ್ಕ್ರೂವನ್ನು ಮುಂದಿನ ಮೂಲೆಗೆ ಹಾಕಿ ತಿರುಗಿಸಿದೆ. ಕೊನೆಯ ಸುತ್ತಿನಲ್ಲಿ ತುಸು ಬಿಗಿ ಅನ್ನಿಸಿತು, ಇನ್ನೂ ಒತ್ತಿದೆ. ತಿರುಗಿಸಿ ನೋಡಿದಾಗ ಅಂಗೈ ಊರುವ ಜಾಗದಲ್ಲಿ ಒಳಗಿನಿಂದ ಎದ್ದ ಮೊಡವೆಯಂಥ ಗುಳ್ಳೆ. ಅದು ಇವತ್ತಿಗೂ ಇದೆ. ಅಂದಿನಿಂದ ಒಂದು ಕಾಗದದ ಮೇಲೆ ಲ್ಯಾಪ್‌ಟಾಪ್‌ನ ತಳದ ಚಿತ್ರ ಗೀಚಿ, ಸ್ಕ್ರೂಗಳನ್ನು ಅದರದರ ಜಾಗದಲ್ಲೇ ಚುಚ್ಚಿಡುತ್ತೇನೆ.

ಸ್ಕ್ರೂ ಪೂರ್ತಿ ತೆಗೆದರೂ ತಗಡು ಬರುವುದಿಲ್ಲ, ಸುತ್ತ ಪ್ಲಾಸ್ಟಿಕ್ ಕೊಕ್ಕೆಗಳಿರುತ್ತವೆ. ಹಳೆಯ ಪ್ಲಾಸ್ಟಿಕ್ ಕಾರ್ಡು ಅಥವಾ ಗಿಟಾರಿನ ಪಿಕ್ಕು ತೂರಿಸಿ ಅಂಚಿನುದ್ದಕ್ಕೂ ಸರಿಸಿದರೆ ಟಕ್ ಟಕ್ ಎಂದು ಒಂದೊಂದೇ ಬಿಡುತ್ತದೆ. ಮೊದಲ ಸಲ ಆ ಸದ್ದಿಗೆ ಎದೆ ಧಸಕ್ಕೆನ್ನುತ್ತದೆ, ಮುರಿದ ಸದ್ದಿನಂತೆಯೇ ಇರುತ್ತದೆ ಅದು. ಲೋಹದ ಸ್ಕ್ರೂಡ್ರೈವರ್ ತುದಿಯಿಂದ ಮೀಟಲು ಹೋಗಬೇಡಿ, ಅಂಚು ನುಗ್ಗಾಗುತ್ತದೆ, ಒಳಗೆ ಬ್ಯಾಟರಿ ಚೀಲವೂ ಅಲ್ಲೇ ಇರುತ್ತದೆ. ತಗಡು ಬಂದ ಮೇಲೆ ಬೇರೇನನ್ನೂ ಮುಟ್ಟುವ ಮುನ್ನ ಬ್ಯಾಟರಿಯ ಕನೆಕ್ಟರ್ ಕಳಚಬೇಕು. ಲ್ಯಾಪ್‌ಟಾಪ್ ಆರಿದ್ದರೂ ಬೋರ್ಡಿನಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಎಷ್ಟೋ ಬೋರ್ಡುಗಳನ್ನು ಕೊಂದದ್ದು ಜಾರಿಬಿದ್ದ ಒಂದು ಸ್ಕ್ರೂ.

ಕೀಬೋರ್ಡು, ಚಾರ್ಜಿಂಗ್ ಪೋರ್ಟು, ಪರದೆ ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೀಬೋರ್ಡನ್ನು ಮೇಲಿನ ಚೌಕಟ್ಟಿಗೆ ರಿವೆಟ್ ಹೊಡೆದು ಕೂರಿಸಿದ್ದರೆ ಒಂದು ಕೀಲಿ ಕೆಟ್ಟರೂ ಇಡೀ ಚೌಕಟ್ಟನ್ನೇ ಕೊಳ್ಳಬೇಕಾದೀತು. ಯುಎಸ್‌ಬಿ-ಸಿ ಪೋರ್ಟು ಪ್ರತ್ಯೇಕ ಚಿಕ್ಕ ಬೋರ್ಡಿನ ಮೇಲಿದ್ದರೆ ಅದೃಷ್ಟ. ದಿನಕ್ಕೆ ಹತ್ತು ಸಲ ತೂರಿಸಿ ತೆಗೆಯುವ ಕಿಂಡಿಯನ್ನು ಮದರ್‌ಬೋರ್ಡ್‌ಗೆ ಬೆಸೆದಿದ್ದರೆ ಅದು ರ್ಯಾಮ್‌ಗಿಂತ ದೊಡ್ಡ ತಪ್ಪು, ಆದರೂ ಅದನ್ನು ಯಾರೂ ಬಯ್ಯುವುದಿಲ್ಲ. ವಾರಂಟಿಯ ಭಯ ಕೂಡ ಅರ್ಧ ಉತ್ಪ್ರೇಕ್ಷೆ. ‘ಸೀಲು ಒಡೆದರೆ ವಾರಂಟಿ ಇಲ್ಲ’ ಎನ್ನುವ ಸ್ಟಿಕ್ಕರ್‌ಗಳ ಬಗ್ಗೆ ಅಮೆರಿಕದ ವ್ಯಾಪಾರ ಆಯೋಗ 2018ರಲ್ಲಿ ಕಂಪನಿಗಳನ್ನು ಎಚ್ಚರಿಸಿತ್ತು, 1975ರ ವಾರಂಟಿ ಕಾನೂನಿಗೆ ಅದು ಒಗ್ಗುವುದಿಲ್ಲ ಎಂದು. ಬೇರೆ ದೇಶಗಳಲ್ಲಿ ನಿಯಮ ಬೇರೆ. ಬಿಚ್ಚುವಾಗ ನೀವೇ ಮುರಿದದ್ದಕ್ಕಂತೂ ಎಲ್ಲಿಯೂ ರಕ್ಷಣೆಯಿಲ್ಲ.

ಒಂದು ಎಚ್ಚರಿಕೆ ಉಳಿದಿದೆ. ಎಲ್ಲ ಜೋಡಿಸಿ, ತಗಡು ಒತ್ತಿ, ಪವರ್ ಬಟನ್ ಒತ್ತಿದಾಗ ಏನೂ ಆಗದಿರಬಹುದು. ಬ್ಯಾಟರಿ ಕಳಚಿ ಹಾಕಿದ ಮೇಲೆ ಕೆಲವು ಮಾದರಿಗಳು ಚಾರ್ಜರ್ ಸಿಕ್ಕಿಸುವ ತನಕ ಏಳುವುದೇ ಇಲ್ಲ. ಹೊಸ ಡಿಡಿಆರ್5 ರ್ಯಾಮ್ ಹಾಕಿದ್ದರೆ ಬೋರ್ಡು ಅದರ ನಾಡಿ ಹಿಡಿದು ವೇಗ ಹೊಂದಿಸಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಪರದೆ ಒಂದೆರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು, ಕಪ್ಪಾಗಿಯೇ ಇರುತ್ತದೆ, ನಡುವೆ ಒಮ್ಮೆ ತಾನಾಗಿ ಆರಿ ಹೊತ್ತಿಕೊಳ್ಳಲೂಬಹುದು. ಗಾಬರಿಯಿಂದ ಬಟನ್ ಒತ್ತಿ ಹಿಡಿದು ಆರಿಸಿದರೆ ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಚಾರ್ಜರ್ ಸಿಕ್ಕಿಸಿಟ್ಟು, ಹತ್ತು ನಿಮಿಷ ಬೇರೆ ಏನಾದರೂ ಕೆಲಸ ನೋಡಿಕೊಳ್ಳಿ.